ಉಗಮವೋ, ಮೂಲವೋ, ತತ್ತ್ವವೋ: ನಾವು ನೆಚ್ಚಿರುವ ಇಂಗ್ಲಿಷ್ ಅನುವಾದಗಳ ಕುರಿತು

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳು ಸಂತ ಅಗಸ್ತೀನರನ್ನೂ ಸಂತ ಥಾಮಸ್ ಅಕ್ವಿನಾಸರನ್ನೂ ಓದುವುದು ಇಂಗ್ಲಿಷಿನಲ್ಲಿ. ಬೋಧಿಸುವುದು ಕೊಂಕಣಿಯಲ್ಲಿ, ಇಲ್ಲವೇ ಕನ್ನಡದಲ್ಲಿ. ಲ್ಯಾಟಿನ್ ಮೂಲಕ್ಕೂ ಪೀಠದ ಮುಂದೆ ಕುಳಿತ ಭಕ್ತರಿಗೂ ನಡುವೆ ಹೀಗೆ ಎರಡು ಅನುವಾದಗಳು ನಡೆಯುತ್ತವೆ. ಎರಡನೆಯದಕ್ಕೆ ನಾವೇ ಹೊಣೆ. ಮೊದಲನೆಯದನ್ನು ಯಾರು, ಯಾವಾಗ, ಯಾವ ಮೂಲಪಾಠದಿಂದ ಮಾಡಿದರೆಂದು ನಾವು ವಿಚಾರಿಸುವುದೇ ಅಪರೂಪ.

ಈ ಉದಾಸೀನದ ಬೆಲೆ ಬ್ರಹ್ಮಾವರದಲ್ಲಿ ಬೇಗನೆ ತಿಳಿಯುತ್ತದೆ. 1889ರಲ್ಲಿ ಮಲಂಕರ ಸಭೆಯಿಂದ ಬಿಷಪ್ ದೀಕ್ಷೆ ಪಡೆದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸರನ್ನೂ ವಂದನೀಯ ನೊರೊನ್ಹಾ ಅವರನ್ನೂ ಅನುಸರಿಸಿದ ಕೊಂಕಣಿ ಕುಟುಂಬಗಳು ಅಲ್ಲಿ ಆರ್ಥಡಾಕ್ಸ್ ಸಭೆಯಾಗಿ ನೆಲೆಗೊಂಡವು. 2010ರಲ್ಲಿ ಅದು ಬ್ರಹ್ಮಾವರದ ಹೆಸರಿನದೇ ಧರ್ಮಪ್ರಾಂತ್ಯವಾಯಿತು. ಅಂದಿನ ವಿವಾದ ಪೋರ್ಚುಗಲ್ ದೊರೆಯ ಪದ್ರುವಾದೊ ಹಕ್ಕಿಗೂ ರೋಮಿನ ನೇರ ಆಡಳಿತಕ್ಕೂ ಸಂಬಂಧಿಸಿದ್ದು, ವಿಶ್ವಾಸಪ್ರಮಾಣಕ್ಕಲ್ಲ. ಆದರೂ ಇಂದು ಆ ದೇವಾಲಯದಲ್ಲಿ ಪಠಿಸುವ ವಿಶ್ವಾಸಪ್ರಮಾಣದಲ್ಲಿ ಪವಿತ್ರಾತ್ಮರು ಪಿತನಿಂದ ಹೊರಡುತ್ತಾರೆ. ನಮ್ಮದರಲ್ಲಿ ಪಿತನಿಂದಲೂ ಸುತನಿಂದಲೂ ಹೊರಡುತ್ತಾರೆ. ಭಾಷೆ ಒಂದೇ, ಮನೆತನದ ಹೆಸರುಗಳೂ ಅವೇ. ಈ ಒಂದು ಮಾತು ಮಾತ್ರ ಬೇರೆ. ಏಕೆಂದು ಕೇಳಿದವರಿಗೆ ಉತ್ತರಿಸಬೇಕಾದ ಗುರುವು ಗ್ರಂಥಾಲಯಕ್ಕೆ ಹೋಗುತ್ತಾನೆ.

ಅಲ್ಲಿ ಆತನಿಗೆ ಸುಲಭವಾಗಿ ಸಿಗುವುದು ಅಗಸ್ತೀನರ ‘ತ್ರಿತ್ವ’ ಗ್ರಂಥಕ್ಕೆ ಹ್ಯಾಡನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ಇಂಗ್ಲಿಷ್ ಅನುವಾದ. ಹದಿನೈದನೆಯ ಪುಸ್ತಕದಲ್ಲಿ ಅಗಸ್ತೀನರು ಪವಿತ್ರಾತ್ಮರು ಪಿತನಿಂದ ‘ಪ್ರಿನ್ಸಿಪಾಲಿತೆರ್’ ಹೊರಡುತ್ತಾರೆ ಎನ್ನುತ್ತಾರೆ. ‘ಪ್ರಿನ್ಸಿಪಿಯುಮ್’, ಅಂದರೆ ಆದಿಮೂಲ, ಎಂಬುದರಿಂದ ಬಂದ ಪದವಿದು. ಆದಿಮೂಲನಾದವನಿಂದ ಹೊರಡುವ ಬಗೆಯಲ್ಲಿ ಎಂಬುದು ಅದರ ಭಾವ. ಸುತನಿಗಿರುವುದೂ ಪಿತನೇ ಕೊಟ್ಟದ್ದೆಂದು ಅಗಸ್ತೀನರು ಅಲ್ಲಿಯೇ ಸ್ಪಷ್ಟಪಡಿಸುತ್ತಾರೆ. ಹ್ಯಾಡನ್ ಅದನ್ನು ‘ಪ್ರಿನ್ಸಿಪಲಿ’ ಎಂದು ಇಟ್ಟರು. ಅಕ್ಷರಶಃ ಅದು ತಪ್ಪಲ್ಲ. ಆದರೆ ಇಂದಿನ ಓದುಗನಿಗೆ ಆ ಇಂಗ್ಲಿಷ್ ಪದ ‘ಮುಖ್ಯವಾಗಿ’ ಎಂದಷ್ಟೇ ಕೇಳಿಸುತ್ತದೆ. ಅದು ಕನ್ನಡಕ್ಕೆ ಬಂದಾಗ ಪವಿತ್ರಾತ್ಮರು ಮುಖ್ಯವಾಗಿ ಪಿತನಿಂದ, ಅಷ್ಟಿಷ್ಟು ಸುತನಿಂದ ಹೊರಡುತ್ತಾರೆಂದಾಗುತ್ತದೆ; ತ್ರಿತ್ವದೊಳಗೆ ಪಾಲು ಹಂಚಿದಂತಾಗುತ್ತದೆ. ಅಗಸ್ತೀನರು ಇದನ್ನು ಹೇಳಲಿಲ್ಲ, ಹ್ಯಾಡನ್ ಕೂಡ ಹೇಳಲಿಲ್ಲ. ಎರಡು ಅನುವಾದಗಳ ನಡುವಿನ ಸಂದಿಯಲ್ಲಿ ಅದು ಹುಟ್ಟಿತು.

ಫ್ಲಾರೆನ್ಸ್ ಮಹಾಸಭೆಯ 1439ರ ಆದೇಶದ ಗತಿ ಇನ್ನೂ ಶೋಚನೀಯ. ಪಿತ ಸುತರಿಬ್ಬರಿಂದಲೂ, ಒಂದೇ ‘ಪ್ರಿನ್ಸಿಪಿಯುಮ್’ನಿಂದ ಎಂಬಂತೆ, ಪವಿತ್ರಾತ್ಮರು ಹೊರಡುತ್ತಾರೆಂದು ಅದರ ಬೋಧನೆ. ಇಂಗ್ಲಿಷಿನಲ್ಲಿ ಅದು ‘ಪ್ರಿನ್ಸಿಪಲ್’. ನಿಘಂಟು ತೆರೆದವನಿಗೆ ಸಿಗುವುದು ‘ತತ್ತ್ವ’. ‘ಒಂದೇ ತತ್ತ್ವದಿಂದ ಹೊರಡುವ ಪವಿತ್ರಾತ್ಮ’ ಎಂಬ ಮಾತಿಗೆ ಯಾವ ದೈವಶಾಸ್ತ್ರದಲ್ಲೂ ಅರ್ಥವಿಲ್ಲ, ಆದರೆ ಕೇಳುವುದಕ್ಕೆ ಗಂಭೀರವಾಗಿರುವುದರಿಂದ ಯಾರೂ ತಡೆದು ಕೇಳುವುದಿಲ್ಲ.

ಇನ್ನು ಆ ಆದೇಶವನ್ನು ಹುಡುಕುವ ಕಷ್ಟ. ಈಚಿನ ಪಠ್ಯಗಳೆಲ್ಲ ಡೆನ್ಸಿಂಗರ್ ಸಂಗ್ರಹದ 1300ನೆಯ ಸಂಖ್ಯೆಯಿಂದ ಮುಂದೆ ನೋಡಿರೆನ್ನುತ್ತವೆ. ಡೆಫೆರಾರಿ ಅವರ 1957ರ ಇಂಗ್ಲಿಷ್ ಅನುವಾದವನ್ನು ತೆರೆದರೆ ಅದೇ ಸಂಖ್ಯೆಯಲ್ಲಿ 1690ರಲ್ಲಿ ಖಂಡಿಸಲಾದ ಜಾನ್ಸೆನಿಸ್ಟರ ಹೇಳಿಕೆಗಳು ಎದುರಾಗುತ್ತವೆ. 1963ರ ಲ್ಯಾಟಿನ್ ಆವೃತ್ತಿಯಲ್ಲಿ ಸಂಖ್ಯೆಗಳು ಬದಲಾದವು. ಡೆಫೆರಾರಿ ಅನುಸರಿಸಿದ್ದು ಹಳೆಯ ಎಣಿಕೆಯನ್ನು. ಅವರಲ್ಲಿ ಫ್ಲಾರೆನ್ಸ್ ಇರುವುದು 691ರಲ್ಲಿ. ಇಗ್ನೇಷಿಯಸ್ ಪ್ರೆಸ್ 2012ರಲ್ಲಿ ಹೊರತಂದ ಆವೃತ್ತಿಯಲ್ಲಿ ಮೂಲವೂ ಇಂಗ್ಲಿಷೂ ಅಕ್ಕಪಕ್ಕದಲ್ಲಿವೆ. ಮಹಾಸಭೆಗಳ ಆದೇಶಗಳಿಗೆ ಟ್ಯಾನರ್ ಅವರ 1990ರ ಎರಡು ಸಂಪುಟಗಳಲ್ಲಿಯೂ ಹಾಗೆಯೇ. ಮೂಲಪಾಠ ಎದುರಿಗಿಲ್ಲದ ಅನುವಾದವನ್ನು, ಅದೆಷ್ಟೇ ಸೊಗಸಾಗಿದ್ದರೂ, ಬೋಧನೆಗೆ ಆಧಾರವಾಗಿಸಬಾರದೆಂದು ನಮ್ಮ ಅಭಿಪ್ರಾಯ. ಲ್ಯಾಟಿನ್ ಅಲ್ಪಸ್ವಲ್ಪ ಬಲ್ಲವನಿಗೂ ‘ಪ್ರಿನ್ಸಿಪಿಯುಮ್’ ಕಣ್ಣಿಗೆ ಬಿದ್ದರೆ ಸಾಕು, ‘ತತ್ತ್ವ’ ಎನ್ನಲು ನಾಲಿಗೆ ಹಿಂಜರಿಯುತ್ತದೆ. ‘ಸುಮ್ಮಾ’ಕ್ಕೂ ಇದೇ ಅಳತೆ. 1911ರಿಂದ ಹೊರಬಂದ ಇಂಗ್ಲಿಷ್ ದೊಮಿನಿಕನರ ಅನುವಾದ ಗಡುಸಾದರೂ ಪಾರಿಭಾಷಿಕ ಪದಗಳ ವಿಷಯದಲ್ಲಿ ನಿಷ್ಠವಾದುದು. 1964ರಿಂದ ಅರವತ್ತು ಸಂಪುಟಗಳಲ್ಲಿ ಬಂದ ಬ್ಲ್ಯಾಕ್‌ಫ್ರೈಯರ್ಸ್ ಆವೃತ್ತಿ ಹಲವು ಕೈಗಳ ಕೆಲಸ, ಕೆಲವೆಡೆ ಸ್ವಚ್ಛಂದ. ಎದುರು ಪುಟದಲ್ಲಿ ಲ್ಯಾಟಿನ್ ಇರುವುದೇ ಅದರ ರಕ್ಷೆ.

ಕೆಟ್ಟ ಅನುವಾದದ ಪೆಟ್ಟನ್ನು ಸ್ವತಃ ಸಂತ ಥಾಮಸರೂ ತಿಂದವರು. ಪೋಪ್ ನಾಲ್ಕನೆಯ ಉರ್ಬಾನರು ಅವರ ಮುಂದಿಟ್ಟ ಗ್ರೀಕ್ ಪಿತೃಗಳ ವಚನಸಂಗ್ರಹವನ್ನು ಆಧರಿಸಿ ಅವರು ‘ಗ್ರೀಕರ ತಪ್ಪುಗಳ ವಿರುದ್ಧ’ ಎಂಬ ಕೃತಿ ಬರೆದರು. ಆ ಸಂಗ್ರಹದ ಎಷ್ಟೋ ವಚನಗಳು ತಿದ್ದಿದವು, ಕೆಲವಂತೂ ಕೃತಕ. ಅದು ಅವರಿಗೆ ತಿಳಿದಿರಲಿಲ್ಲ. ಆದರೂ ಮುನ್ನುಡಿಯಲ್ಲಿ ಅವರಿಗೆ ಅನುವಾದದ ಮೇಲೆಯೇ ಅನುಮಾನ. ಗ್ರೀಕರ ಮೂರು ‘ಹಿಪೊಸ್ತಾಸಿಸ್’ಗಳನ್ನು ಅಕ್ಷರಶಃ ಲ್ಯಾಟಿನಿಗೆ ತಂದರೆ ಮೂರು ಸತ್ವಗಳೆಂದಾಗಿ ವಿಶ್ವಾಸವೇ ಕೆಡುತ್ತದೆ, ಆದ್ದರಿಂದ ಅನುವಾದಕನು ಅರ್ಥವನ್ನು ಕಾಯ್ದುಕೊಂಡು, ಹೇಳುವ ರೀತಿಯನ್ನು ತನ್ನ ಭಾಷೆಯ ಜಾಯಮಾನಕ್ಕೆ ಹೊಂದಿಸಬೇಕೆಂದು ಅವರ ಸೂಚನೆ. ‘ಸುಮ್ಮಾ’ದ ಮೊದಲ ಭಾಗದ 36ನೆಯ ಪ್ರಶ್ನೆಯಲ್ಲಿ, ಪವಿತ್ರಾತ್ಮರು ಸುತನಿಂದ ಹರಿಯುತ್ತಾರೆಂದು ಒಪ್ಪಿಯೂ ಹೊರಡುತ್ತಾರೆನ್ನಲು ಒಪ್ಪದ ಕೆಲವು ಗ್ರೀಕರನ್ನು ಅವರು ಅಜ್ಞಾನಿಗಳು ಅಥವಾ ಹಟಮಾರಿಗಳೆನ್ನುತ್ತಾರೆ, ‘ಹೊರಡುವಿಕೆ’ ಎಲ್ಲ ಬಗೆಯ ಬರುವಿಕೆಗೂ ಸಲ್ಲುವ ಅತ್ಯಂತ ಸಾಮಾನ್ಯ ಪದವಲ್ಲವೇ ಎಂಬುದು ಅವರ ವಾದ. ಲ್ಯಾಟಿನಿನಲ್ಲಿ ಅದು ನಿಜ, ಗ್ರೀಕಿನಲ್ಲಿ ಅಲ್ಲ. ಮುನ್ನುಡಿಯ ಥಾಮಸರನ್ನು ಇಲ್ಲಿ ‘ಸುಮ್ಮಾ’ದ ಥಾಮಸರು ಮರೆತರೆಂದು ಗೌರವಪೂರ್ವಕವಾಗಿಯೇ ಹೇಳಬೇಕಾಗಿದೆ. 1995ರಲ್ಲಿ ಕ್ರೈಸ್ತ ಐಕ್ಯಕ್ಕಾಗಿರುವ ವ್ಯಾಟಿಕನ್ ಮಂಡಳಿ ನೀಡಿದ ವಿವರಣೆ ಇದನ್ನೇ ಒಪ್ಪಿಕೊಂಡಿತು: ವಿಶ್ವಾಸಪ್ರಮಾಣದ ಗ್ರೀಕ್ ಕ್ರಿಯಾಪದ ಪಿತನೊಬ್ಬನಿಗೇ ಸಲ್ಲುವ ಆದಿಸಂಬಂಧವನ್ನು ಸೂಚಿಸುತ್ತದೆ, ಲ್ಯಾಟಿನ್ ಪದದ ವ್ಯಾಪ್ತಿ ಅದಕ್ಕಿಂತ ದೊಡ್ಡದು.

ಇಂಗ್ಲಿಷಿನ ‘ಪ್ರೊಸೀಡ್’ ಲ್ಯಾಟಿನಿನ ಮಗು. ಈ ಭೇದವನ್ನು ಅದು ತೋರಿಸಲಾರದು. ಕನ್ನಡ ತೋರಿಸಬಲ್ಲುದು. ಬೈಂದೂರಿನಿಂದ ಬಂದ ಬಸ್ಸು ಕುಂದಾಪುರದಿಂದಲೂ ಹೊರಡುತ್ತದೆ. ‘ಹೊರಡು’ ಅಷ್ಟು ಸಡಿಲ. ಆದರೆ ಮರವಂತೆಯಲ್ಲಿ ಕಡಲಿನ ಪಕ್ಕದಲ್ಲೇ ಹರಿಯುವ ಸೌಪರ್ಣಿಕೆಯ ಉಗಮ ಮರವಂತೆಯೆಂದು ಯಾರೂ ಹೇಳುವುದಿಲ್ಲ, ಅದು ಘಟ್ಟದ ಮೇಲಿದೆ. ‘ಉಗಮ’ವನ್ನು ಪಿತನಿಗೆ ಮಾತ್ರ ಮೀಸಲಿಟ್ಟು, ಫ್ಲಾರೆನ್ಸಿನ ‘ಪ್ರಿನ್ಸಿಪಿಯುಮ್’ಗೆ ‘ಮೂಲ’ ಎಂಬ ವಿಶಾಲ ಪದವನ್ನು ಬಳಸಿದರೆ ಆದೇಶವೂ ಉಳಿಯುತ್ತದೆ, ಬ್ರಹ್ಮಾವರದ ನೆರೆಯವರು ಕಾಯ್ದುಕೊಂಡಿರುವ ಸತ್ಯವೂ ಉಳಿಯುತ್ತದೆ. ನದಿಯ ಹೋಲಿಕೆಗೂ ಮಿತಿಯಿದೆ: ಉಗಮದಲ್ಲಿ ನೀರು ಮೊದಲು, ಮರವಂತೆಯಲ್ಲಿ ಆಮೇಲೆ, ತ್ರಿತ್ವದಲ್ಲಿ ಮೊದಲು ಆಮೇಲೆ ಎಂಬುದಿಲ್ಲ. ಇದನ್ನು ಹೇಳದೆ ಆ ಹೋಲಿಕೆಯನ್ನು ಪ್ರಬೋಧನೆಯಲ್ಲಿ ಬಳಸಿದರೆ ಆರಿಯಸನಿಗೆ ಬಾಗಿಲು ತೆರೆದಂತೆ.