ಸಂತನ ಪಕ್ಕದ ದಾನಿ

ಅಕ್ಕಲಕೋಟ ರಸ್ತೆ ಎಂಐಡಿಸಿಯ ಮಗ್ಗಗಳ ಸದ್ದಿನಲ್ಲಿ ಬೆಳೆದ ನಾನು ಯುರೋಪಿನ ಪುನರುಜ್ಜೀವನ ಕಾಲದ ಬಣ್ಣದ ಗಾಜಿನ ಚಿತ್ರಗಳನ್ನು ಪುಸ್ತಕಗಳಲ್ಲಷ್ಟೇ ಬಲ್ಲೆ. ಸಂತ ನಿಂತಿರುತ್ತಾನೆ, ಪಕ್ಕದಲ್ಲಿ ದಾನಿ ಮೊಣಕಾಲೂರಿ ಕೈಮುಗಿದಿರುತ್ತಾನೆ. ಹಳೆಯ ಕಿಟಕಿಗಳ ಮೂಲೆಯಲ್ಲಿ ಪುಟ್ಟದಾಗಿದ್ದ ಈತ 15–16ನೆಯ ಶತಮಾನದ ಹೊತ್ತಿಗೆ ಎಷ್ಟೋ ಕಡೆ ಸಂತನಷ್ಟೇ ದೊಡ್ಡವನಾದ. ಮನೆತನದ ಲಾಂಛನವೂ ಜೊತೆಗೆ ಬಂತು. ಇದನ್ನು ಮನುಷ್ಯನ ಘನತೆಯೆಂದು ಹೊಗಳುವುದುಂಟು. ಹಣದ ಘನತೆಯೂ ಅಲ್ಲವೆ?

ನಮ್ಮಲ್ಲೂ ಇದ್ದಾನೆ. 16ನೆಯ ಶತಮಾನದ ಲೇಪಾಕ್ಷಿಯಲ್ಲಿ, ವೀರಭದ್ರನ ಗುಡಿಯ ಛಾವಣಿಯ ಚಿತ್ರದಲ್ಲಿ, ವಿಜಯನಗರದ ಅಧಿಕಾರಿ ವಿರೂಪಣ್ಣ ಸೋದರ ವೀರಣ್ಣನೊಡನೆ ಎತ್ತರದ ಕುಳ್ಳಾಯಿ ಧರಿಸಿ ನಿಂತಿದ್ದಾನೆ. ಆದರೆ ಅಲ್ಲಿ ಬಣ್ಣ ಗಾರೆಗೆ ಅಂಟಿದೆ. ಗಾಜಿಗೆ ಬೆಳಕು ಹಾಯಬೇಕು. ಬೆಳ್ಳಿಯ ಲವಣ ಹಚ್ಚಿ ಕುಲುಮೆಯಲ್ಲಿ ಸುಟ್ಟರೆ ಬಿಳಿ ಗಾಜು ಹೊನ್ನಿನ ಬಣ್ಣ ತಾಳುತ್ತದೆ. ಸಂತನ ಪ್ರಭಾವಳಿಗೂ ದಾನಿಯ ಕೊರಳ ಸರಕ್ಕೂ ಅದೇ ಹಳದಿ ಸಾಕು. ನನ್ನನ್ನು ಕೆಣಕುವುದು ಇದೇ.

ನನಗೆ ಪ್ರಿಯವಾದದ್ದು ಸೀಸದ ಪಟ್ಟಿ. ಗಾಜಿನ ತುಂಡುಗಳನ್ನು ಹಿಡಿದಿಡುವ ಆ ಕಪ್ಪು ಗೆರೆ ದಾನಿಯ ಮೈಮೇಲೂ ಹಾಯುತ್ತದೆ; ಕುಶಲಕರ್ಮಿಯ ಕೈ ಕಾಣುವುದು ಅಲ್ಲಿ. ಜಕಾರ್ಡ್ ಮಗ್ಗದಲ್ಲಿ ಸೊನ್ನಲಿಗೆಯ ಸಿದ್ಧರಾಮನನ್ನು ನೇಯ್ದರೂ ಅಂಚಿನಲ್ಲಿ ನಾನು ಕಂಡದ್ದು ಮಾಡಿಸಿದವರ ಹೆಸರೇ. ನೇಯ್ದವನನ್ನು ಹುಡುಕಬೇಕಾದಾಗ ಬಟ್ಟೆ ಮಗುಚಿ, ಎಳೆ ಕಡಿದು ಗಂಟುಹಾಕಿದ ಜಾಗ ನೋಡುತ್ತೇನೆ.