ಅಲಿಗೆ ಬ್ಯಾಟ್ ಹಿಡಿಯೋಕೆ ಬರದೇ ಇದ್ದಿದ್ದರೆ?

‘ಕೈ ಪೋ ಛೆ’ ಸಿನಿಮಾವನ್ನು ನಿಮ್ಮಲ್ಲಿ ಬಹಳಷ್ಟು ಜನ ನೋಡಿರುತ್ತೀರಿ. ಅಭಿಷೇಕ್ ಕಪೂರ್ ನಿರ್ದೇಶನ, 2013ರಲ್ಲಿ ತೆರೆಗೆ ಬಂತು. ಚೇತನ್ ಭಗತ್ ಅವರ ‘ದಿ ಥ್ರೀ ಮಿಸ್ಟೇಕ್ಸ್ ಆಫ್ ಮೈ ಲೈಫ್’ ಕಾದಂಬರಿ ಅದಕ್ಕೆ ಮೂಲ. ಅಹಮದಾಬಾದಿನ ಮೂವರು ಗೆಳೆಯರು ಕ್ರಿಕೆಟ್ ಸಾಮಾನಿನ ಅಂಗಡಿ ಇಡುತ್ತಾರೆ. 2001ರ ಭೂಕಂಪ ಬರುತ್ತದೆ, ಮರುವರ್ಷ ಗೋಧ್ರಾ, ಆಮೇಲೆ ಗಲಭೆ. ಈ ಮೂವರಲ್ಲಿ ಒಬ್ಬನಾದ ಇಶಾನ್, ಅಲಿ ಅನ್ನೋ ಮುಸ್ಲಿಂ ಹುಡುಗನಿಗೆ ಕ್ರಿಕೆಟ್ ಕಲಿಸುತ್ತಿರುತ್ತಾನೆ. ಕಾದಂಬರಿಯಲ್ಲಿ ಅಲಿಯನ್ನು ಉಳಿಸಲು ಹೋಗಿ ಓಮಿ ಸಾಯುತ್ತಾನೆ. ಸಿನಿಮಾದಲ್ಲಿ ಅದು ತಿರುವುಮುರುವಾಗಿ, ಓಮಿ ಹಾರಿಸಿದ ಗುಂಡಿಗೆ ಇಶಾನ್ ಬಲಿಯಾಗುತ್ತಾನೆ. ಕೊನೆಗೆ ದೊಡ್ಡವನಾದ ಅಲಿ ದೇಶಕ್ಕಾಗಿ ಆಡುತ್ತಾನೆ. ನೋಡಿದವರಿಗೆ ಕಣ್ಣೀರು ಬರುತ್ತೆ. ನನಗೂ ಬಂತು.

ಆದರೆ ಕಣ್ಣು ಒರೆಸಿಕೊಂಡ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅಲಿಗೆ ಬ್ಯಾಟ್ ಹಿಡಿಯೋಕೆ ಬರದೇ ಇದ್ದಿದ್ದರೆ? ಅವನು ಸಾಧಾರಣ ಹುಡುಗನಾಗಿ, ಗಣಿತದಲ್ಲಿ ಫೇಲಾಗುತ್ತಾ, ಗಾಳಿಪಟ ಹಾರಿಸುತ್ತಾ ಇದ್ದಿದ್ದರೆ ಅವನಿಗಾಗಿ ಯಾರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು? ಕಥೆಯಲ್ಲಿ ಅವನು ಮಾತಾಡುವುದು ಕಡಿಮೆ. ಅವನ ಪರವಾಗಿ ಬ್ಯಾಟ್ ಮಾತಾಡುತ್ತದೆ. ಅವನ ಜೀವದ ಬೆಲೆಯನ್ನು ನಮಗೆ ಅರ್ಥ ಮಾಡಿಸಲು ಕಾದಂಬರಿಗೂ ಸಿನಿಮಾಕ್ಕೂ ಅವನ ಪ್ರತಿಭೆ ಬೇಕಾಯಿತು. ಬದುಕುವ ಹಕ್ಕನ್ನು ಸಿಕ್ಸರ್ ಹೊಡೆದು ಸಂಪಾದಿಸಬೇಕೇ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಗುಜರಾತಿನ ಬಗೆಗಿನ ಇನ್ನೆರಡು ಸಿನಿಮಾ ನೋಡೋಣ.

ರಾಹುಲ್ ಢೋಲಕಿಯಾ ಅವರ ‘ಪರ್ಜಾನಿಯಾ’ ಅಹಮದಾಬಾದಿನ ಗುಲ್ಬರ್ಗ್ ಸೊಸೈಟಿಯಲ್ಲಿ 2002ರ ಫೆಬ್ರವರಿ 28ರಂದು ನಡೆದ ಹತ್ಯಾಕಾಂಡವನ್ನು ಆಧರಿಸಿದ್ದು. ಅಲ್ಲಿ 69 ಜನ ಸತ್ತರು, ಮಾಜಿ ಸಂಸದ ಎಹಸಾನ್ ಜಾಫ್ರಿ ಕೂಡ. ಸಿನಿಮಾ ಹೇಳುವುದು ಮಗನನ್ನು ಕಳೆದುಕೊಂಡ ಒಂದು ಪಾರ್ಸಿ ಕುಟುಂಬದ ಕಥೆ. ಅದು ಕಟ್ಟುಕಥೆಯಲ್ಲ, ಅಂಥ ಕುಟುಂಬ ನಿಜವಾಗಿಯೂ ಅಲ್ಲಿತ್ತು. ತಾಯಿಯ ಪಾತ್ರದ ಸಾರಿಕಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ. 2007ರಲ್ಲಿ ಬಿಡುಗಡೆಯಾದಾಗ ಗುಜರಾತಿನ ಚಿತ್ರಮಂದಿರಗಳು ಅದನ್ನು ತೋರಿಸಲಿಲ್ಲ. ಆ ಧೈರ್ಯಕ್ಕೆ ಸಲಾಂ. ಆದರೂ ನೋಡಿ, ಸತ್ತವರ ಮನೆಗಳ ಅಂಗಳಕ್ಕೆ ನಾವು ಪಕ್ಕದ ಮನೆಯ ಕಿಟಕಿಯಿಂದಲೇ ಇಣುಕುತ್ತೇವೆ. ಆ ಮನೆಗಳಲ್ಲಿ ಬೆಳಿಗ್ಗೆ ಚಹಾ ಯಾರು ಮಾಡುತ್ತಿದ್ದರು, ಯಾರ ಜೊತೆ ಜಗಳ ಇತ್ತು ಅನ್ನೋದು ಗೊತ್ತಾಗುವುದೇ ಇಲ್ಲ.

ನಂದಿತಾ ದಾಸ್ ಅವರ ‘ಫಿರಾಕ್’ (2008) ಇದಕ್ಕಿಂತ ಮುಂದೆ ಹೋಗುತ್ತದೆ. ಗಲಭೆಯಾಗಿ ಒಂದು ತಿಂಗಳಾದ ಮೇಲಿನ ಒಂದು ದಿನ. ಹೊಡೆದಾಟವನ್ನು ತೋರಿಸುವುದಿಲ್ಲ, ಅದು ಮನುಷ್ಯರೊಳಗೆ ಉಳಿಸಿಹೋದದ್ದನ್ನು ತೋರಿಸುತ್ತದೆ. ಬಾಗಿಲು ಬಡಿದ ಹೆಂಗಸಿಗೆ ಬಾಗಿಲು ತೆರೆಯದ ಆರತಿ (ದೀಪ್ತಿ ನವಲ್) ತನ್ನ ಕೈಯನ್ನೇ ಸುಟ್ಟುಕೊಳ್ಳುತ್ತಾಳೆ. ಸಮೀರ್ ತನ್ನ ಹೆಸರು ಹೇಳಲು ಹಿಂಜರಿಯುತ್ತಾನೆ. ಮನೆ ಸುಟ್ಟುಹೋದ ಮುನೀರಾ ಮೆಹಂದಿ ಹಾಕಿ ಹೊಟ್ಟೆ ಹೊರೆಯುವವಳು. ಅವಳಿಗೆ ಗೆಳತಿಯ ಮೇಲೂ ಅನುಮಾನ, ಆದರೂ ಗೆಳತಿ ಬೇಕು. ಈ ಮುನೀರಾಗೆ ಯಾವ ಪ್ರತಿಭೆಯ ಸರ್ಟಿಫಿಕೇಟೂ ಇಲ್ಲ. ಸಿಟ್ಟಿದೆ, ಭಯವಿದೆ, ಸಣ್ಣತನವೂ ಇದೆ. ಅದಕ್ಕೇ ಅವಳು ನನಗೆ ನಿಜ ಅನ್ನಿಸುತ್ತಾಳೆ.

ಅದೇ ಸಿನಿಮಾದಲ್ಲಿ ನಾಸಿರುದ್ದೀನ್ ಶಾ ಅಭಿನಯದ ಖಾನ್ ಸಾಹೇಬರಿದ್ದಾರೆ, ಹಾಡುಗಾರರು. ವಲಿ ದಖನಿಯ ಗೋರಿ ಇಲ್ಲವಾಗಿದೆ ಅಂತ ತಿಳಿದಾಗ ಆ ಮುದುಕರು ಕುಸಿಯುತ್ತಾರೆ. ಇದೂ ನಿಜ ಘಟನೆ. ಔರಂಗಾಬಾದಿನಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ಮಣ್ಣಾದ ವಲಿ, ಉರ್ದು ಗಜಲಿನ ಆದಿ ಕವಿಗಳಲ್ಲಿ ಒಬ್ಬರು. ನಮ್ಮ ಮನೆಮಾತಾದ ದಖನಿಯ ಹಿರಿಯರು. ಪೊಲೀಸ್ ಕಮಿಷನರ್ ಕಚೇರಿಯ ಹತ್ತಿರವೇ ಇದ್ದ ಅವರ ಗೋರಿಯನ್ನು 2002ರಲ್ಲಿ ನೆಲಸಮ ಮಾಡಿ ಮೇಲೆ ಟಾರು ಹಾಕಿದರು. ಗುಜರಾತಿನ ಅಗಲಿಕೆಯ ಬಗ್ಗೆ ವಲಿ ಬರೆದ ಪದ್ಯದ ಹೆಸರಲ್ಲೂ ‘ಫಿರಾಕ್’ ಅನ್ನೋ ಶಬ್ದ ಇದೆ. ವಡೋದರಾದಲ್ಲಿ ಉಸ್ತಾದ್ ಫೈಯಾಜ್ ಖಾನರ ಗೋರಿಗೂ ಆಗ ಹಾನಿಯಾಯಿತು. ಅವರಿಗೆ ‘ಆಫ್ತಾಬ್-ಎ-ಮೌಸಿಖಿ’ ಅಂದರೆ ಸಂಗೀತದ ಸೂರ್ಯ ಅನ್ನೋ ಬಿರುದು ಕೊಟ್ಟಿದ್ದು ನಮ್ಮ ಮೈಸೂರು ಅರಮನೆ.

ಇಲ್ಲಿ ಒಂದು ಮಾತು ನಮಗೇ ಹೇಳಿಕೊಳ್ಳಬೇಕು. ಏನಾದರೂ ಆದಾಗಲೆಲ್ಲ ನಮ್ಮ ಸಮುದಾಯದ ಭಾಷಣಗಳಲ್ಲಿ ವಲಿ, ಫೈಯಾಜ್ ಖಾನ್, ಶಿಶುನಾಳ ಶರೀಫ, ಅಬ್ದುಲ್ ಕಲಾಂ ಇವರೆಲ್ಲ ಸಾಕ್ಷಿ ಹೇಳಲು ಬರುತ್ತಾರೆ. ಅವರ ಮೇಲೆ ಹೆಮ್ಮೆ ಇರಲಿ. ಆದರೆ ‘ನಾವು ಇಂಥವರನ್ನು ಕೊಟ್ಟಿದ್ದೇವೆ, ಹಾಗಾಗಿ ನಮ್ಮನ್ನು ಇರಲು ಬಿಡಿ’ ಅನ್ನೋ ವಾದವೂ ಅಲಿಯ ಬ್ಯಾಟಿನ ವಾದವೇ. ವಡೋದರಾದಲ್ಲೇ, 2002ರ ಮಾರ್ಚ್ 1ರಂದು ಬೆಸ್ಟ್ ಬೇಕರಿಯಲ್ಲಿ 14 ಜನ ಸತ್ತರು. ಅಲ್ಲಿ ಬ್ರೆಡ್ಡು, ಬಿಸ್ಕತ್ತು ಮಾಡುತ್ತಿದ್ದವರಲ್ಲಿ ಹಿಂದೂ ಕೆಲಸಗಾರರೂ ಇದ್ದರು. ಗೋಧ್ರಾದ ರೈಲಿನಲ್ಲಿ ಸುಟ್ಟುಹೋದವರೂ ಊರಿಗೆ ಹೊರಟಿದ್ದ ಪ್ರಯಾಣಿಕರೇ. ಇವರಲ್ಲಿ ಯಾರಿಗೂ ಬಿರುದು ಇರಲಿಲ್ಲ.

ವಲಿ ಸೂರತ್ ನಗರವನ್ನು ಹೊಗಳಿ ಒಂದು ಮಸ್ನವಿ ಬರೆದಿದ್ದಾರೆ. ಅದರಲ್ಲಿ ಊರಿನ ಸೊಬಗೆಂದರೆ ಅಲ್ಲಿಯ ನಾನಾ ಮತದ ಜನ. ಅವರು ದೊಡ್ಡವರೋ ಸಣ್ಣವರೋ ಅಂತ ಕವಿ ತೂಗಿ ನೋಡುವುದಿಲ್ಲ.

ಕನ್ನಡದ ಓದುಗರಾದ ನಮಗೆ ಇದು ಹೊಸ ಪಾಠವಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಯಾವ ಸಾಧಕಿಯೂ ಅಲ್ಲ. ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ನ ಗುಲಾಬಿ ಹೆರಿಗೆ ಮಾಡಿಸುವವಳು, ಸಿನಿಮಾ ಹುಚ್ಚಿನವಳು. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅವಳನ್ನು ಊರು ಬಿಡಿಸುವಾಗ ನಮಗೆ ಸಂಕಟವಾಗುವುದು ಅವಳು ಗುಲಾಬಿ ಅನ್ನೋ ಒಂದೇ ಕಾರಣಕ್ಕೆ.

ನೀವು ವಿದ್ಯಾರ್ಥಿಗಳಾಗಿದ್ದರೆ ಮುಂದಿನ ಸಲ ಇಂಥ ಸಿನಿಮಾ ನೋಡುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಮುಸ್ಲಿಂ ಪಾತ್ರದಿಂದ ಅದರ ಪ್ರತಿಭೆ, ತ್ಯಾಗ, ದೇಶಭಕ್ತಿ ಇಷ್ಟನ್ನೂ ತೆಗೆದುಹಾಕಿ. ಆಮೇಲೂ ಅಲ್ಲಿ ಒಬ್ಬ ಮನುಷ್ಯ ಉಳಿದರೆ ಅದು ಒಳ್ಳೆಯ ಕೃತಿ. ಮುನೀರಾ ಉಳಿಯುತ್ತಾಳೆ. ಅಲಿಯೂ ಉಳಿಯುವಂಥ ಕಾದಂಬರಿಯನ್ನು, ಬ್ಯಾಟ್ ಇಲ್ಲದ ಅಲಿಯ ಕಾದಂಬರಿಯನ್ನು, ನಿಮ್ಮಲ್ಲೇ ಯಾರಾದರೂ ಬರೆಯಬೇಕು.