ಅಚ್ಚು ಹಳೆಯದು, ಪ್ಲಾಸ್ಟಿಕ್ ಹೊಸದು

2021ರ ಜೂನ್‌ನಲ್ಲಿ ಡೆನ್ಮಾರ್ಕಿನ ಲೆಗೊ ಸಂಸ್ಥೆ, ಬಳಸಿದ ಬಾಟಲಿಗಳ ಪೆಟ್ ಪ್ಲಾಸ್ಟಿಕ್‌ನಿಂದ ತಯಾರಿಸಿದ ಆಟಿಕೆ ಇಟ್ಟಿಗೆಯ ಮಾದರಿಯನ್ನು ಪ್ರಕಟಿಸಿತು. ಒಂದು ಲೀಟರ್ ಬಾಟಲಿಯಿಂದ ಹತ್ತು ಇಟ್ಟಿಗೆ ಎಂಬ ಲೆಕ್ಕ ಮೆಚ್ಚುಗೆ ಗಳಿಸಿತು. 2023ರಲ್ಲಿ ಸಂಸ್ಥೆ ಯೋಜನೆಯನ್ನು ಕೈಬಿಟ್ಟಾಗ ಟೀಕೆಗಳು ಬಂದವು. ಮೆಚ್ಚುಗೆ, ಟೀಕೆ ಎರಡರಲ್ಲೂ ಮುಖ್ಯ ಪ್ರಶ್ನೆಯೊಂದು ಹಿಂದೆ ಸರಿಯಿತು: ಪ್ಲಾಸ್ಟಿಕ್ ಬದಲಾದರೆ ಅಚ್ಚು ಮತ್ತು ಯಂತ್ರ ಹಾಗೆಯೇ ಉಳಿಯಬಲ್ಲವೇ?

ಈ ಪ್ರಶ್ನೆ ಏಳದಿರಲು ನಮ್ಮ ಬೋಧನೆಯೂ ಕಾರಣ. ಉಷ್ಣಮೃದು ಪ್ಲಾಸ್ಟಿಕ್ಕನ್ನು ಕರಗಿಸಿ ಬೇಕಾದ ಆಕಾರಕ್ಕೆ ತರಬಹುದು ಎಂದು ಹೇಳಿ ಪಾಠ ಮುಗಿಸುತ್ತೇವೆ. ಅಚ್ಚಿನಲ್ಲಿ ತಣಿಯುವಾಗ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಲೆಗೊ ಇಟ್ಟಿಗೆಗಳಿಗೆ 1963ರಿಂದ ಬಳಕೆಯಲ್ಲಿರುವುದು ಎಬಿಎಸ್. ಅದರ ಅಣುಸರಪಳಿಗಳು ಅಸ್ತವ್ಯಸ್ತವಾಗಿಯೇ ಗಟ್ಟಿಯಾಗುವುದರಿಂದ ಕುಗ್ಗುವಿಕೆ ಸುಮಾರು ಶೇ. 0.5 ಮಾತ್ರ. ಪಾಲಿಪ್ರೊಪಿಲೀನ್‌ನಂಥ ಅರೆಸ್ಫಟಿಕ ಪ್ಲಾಸ್ಟಿಕ್‌ನಲ್ಲಿ ಸರಪಳಿಗಳು ಒತ್ತಾಗಿ ಜೋಡಣೆಗೊಳ್ಳುತ್ತವೆ, ಕುಗ್ಗುವಿಕೆ ಶೇ. 1.5ರಷ್ಟಿರಬಹುದು. ಇಟ್ಟಿಗೆಯ ಮೇಲಿನ ಗುಬುಟಿನ ವ್ಯಾಸ 4.8 ಮಿ.ಮೀ. ಎಬಿಎಸ್‌ಗಾಗಿ ಕೊರೆದ ಅಚ್ಚಿನಲ್ಲಿ ಪಾಲಿಪ್ರೊಪಿಲೀನ್ ಸುರಿದರೆ ಅದು ಸುಮಾರು 4.75 ಮಿ.ಮೀ. ಆಗುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ, ಆದರೆ ಬಿಗಿತದಿಂದಲೇ ಕಚ್ಚಿಕೊಳ್ಳಬೇಕಾದ ಇಟ್ಟಿಗೆ ಸಡಿಲವಾಗಲು ಅಷ್ಟು ಸಾಕು.

ಪೆಟ್ ಇನ್ನೂ ತೊಡಕಿನದು. ಬೇಗ ತಣಿಸಿದರೆ ಅಸ್ಫಟಿಕ, ಬಿಸಿ ಅಚ್ಚಿನಲ್ಲಿ ನಿಧಾನವಾಗಿ ತಣಿಸಿದರೆ ಅರೆಸ್ಫಟಿಕ. ಅಸ್ಫಟಿಕ ಪೆಟ್‌ನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.33 ಗ್ರಾಂ, ಪೂರ್ಣ ಸ್ಫಟಿಕದ್ದು ಸುಮಾರು 1.45. ಅಂದರೆ ಅಚ್ಚಿನ ತಾಪವೇ ವಸ್ತುವಿನ ಅಳತೆಯನ್ನು ಬದಲಿಸುತ್ತದೆ. ತೇವಾಂಶ ಉಳಿದರೆ ಕರಗಿದ ಪೆಟ್‌ನ ಸರಪಳಿಗಳು ತುಂಡಾಗುತ್ತವೆ. ಆದ್ದರಿಂದ ಮೊದಲೇ ಚೆನ್ನಾಗಿ ಒಣಗಿಸಬೇಕು. ಗಟ್ಟಿತನಕ್ಕೆ ಬೇರೆ ಪದಾರ್ಥಗಳನ್ನೂ ಬೆರೆಸಬೇಕು. ಹೊಸ ಉಪಕರಣ, ಹೆಚ್ಚುವರಿ ಶಕ್ತಿ ಎಲ್ಲವನ್ನೂ ಸೇರಿಸಿದಾಗ ಇಂಗಾಲದ ಉತ್ಸರ್ಜನೆ ಕಡಿಮೆಯಾಗದು ಎಂಬ ತೀರ್ಮಾನಕ್ಕೆ ಸಂಸ್ಥೆ ಬಂದಿತು.

ಇದಕ್ಕೆ ಹೋಲಿಸಬೇಕಾದದ್ದು ಅದೇ ಸಂಸ್ಥೆಯ 2018ರ ಪ್ರಯೋಗ. ಆಟಿಕೆಯ ಎಲೆ, ಗಿಡಗಳನ್ನು ಕಬ್ಬಿನ ಎಥನಾಲ್‌ನಿಂದ ಪಡೆದ ಪಾಲಿಎಥಿಲೀನ್‌ನಲ್ಲಿ ತಯಾರಿಸಲಾಯಿತು. ಮೂಲ ಕಬ್ಬಾದರೂ ಪೆಟ್ರೋಲಿಯಂ ಆದರೂ ಅಣು ಒಂದೇ. ಹೀಗಾಗಿ ಅಚ್ಚಿನ ಅಳತೆಯನ್ನು ಬದಲಿಸುವ ಕಾರಣವಿರಲಿಲ್ಲ.

ಕೈಬಿಟ್ಟದ್ದಕ್ಕಾಗಿ ಸಂಸ್ಥೆಯನ್ನು ದೂರುವುದು ಸರಿಯಲ್ಲ; ಪ್ರತಿಕೂಲ ಫಲಿತಾಂಶವನ್ನು ಬಹಿರಂಗಪಡಿಸಿದ್ದು ವಿಜ್ಞಾನಕ್ಕೆ ಒಪ್ಪುವ ನಡೆ. ಆಕ್ಷೇಪಿಸಬೇಕಾದದ್ದು 2021ರಲ್ಲಿ ಸುದ್ದಿಯಾದ ಅಳತೆಗೋಲನ್ನು. ಬಾಟಲಿಗೆ ಎಷ್ಟು ಇಟ್ಟಿಗೆ ಎಂಬುದು ರಾಶಿಯ ಲೆಕ್ಕ. ಕೇಳಬೇಕಿದ್ದುದು ಇಟ್ಟಿಗೆಗೆ ಎಷ್ಟು ಶಕ್ತಿ ಎಂಬ ಲೆಕ್ಕ. ಮರುಬಳಕೆಯ ಪಾಠ ಮಾಡುವ ಶಿಕ್ಷಕರು ಈ ಎರಡನ್ನೂ ಒಂದೇ ಹಲಗೆಯ ಮೇಲೆ ಬರೆಯಲಿ.